ಮೈಸೂರಿನಿಂದ ಮಾತು ಬಿಡಿಸಿಕೊಂಡದ್ದು

ನಾನು ರಾಜ್ಯಶಾಸ್ತ್ರ ಓದುತ್ತೇನೆ ಎಂದಾಗ ಅದು ಓದುವ ವಿಷಯ ಎಂದು ನಮ್ಮೂರಿನಲ್ಲಿ ಯಾರಿಗೂ ಅನ್ನಿಸಲಿಲ್ಲ. ಶಿಕಾರಿಪುರ ತಾಲ್ಲೂಕಿನಲ್ಲಿ, ತೊಗರ್ಸಿಗೆ ಹತ್ತಿರದ ಸಣ್ಣ ಹಳ್ಳಿ ನಮ್ಮದು. "ರಾಜಕೀಯ ಮಾಡೋರನ್ನ ನೋಡೀವಿ, ಓದೋರನ್ನ ನೋಡಿಲ್ಲ" ಎಂದು ಪಕ್ಕದ ಹೊಲದವರು ನಕ್ಕರು. ಅಮ್ಮ ಮಾತ್ರ ನಗಲಿಲ್ಲ. "ಅದರಾಗ ಫೇಲಾದ್ರೆ ಮಂತ್ರಿ ಮಾಡ್ತಾರೇನು?" ಎಂದು ಗಂಭೀರವಾಗಿಯೇ ಕೇಳಿದಳು.

ಅದು ರಾಜ್ಯಗಳು ಒಂದಾದ ಮರುವರ್ಷದ ಬೇಸಿಗೆ. ಹಿಂದಿನ ದೀಪಾವಳಿಗೆ ಶಿವಮೊಗ್ಗದ ಕಾಲೇಜಿನಿಂದ ಊರಿಗೆ ಬಂದಿದ್ದ ನಾನು, ಗಡಿ ಹೋಗಿದೆಯಂತೆ, ಹೇಗೆ ಹೋಗಿದೆ ನೋಡೋಣ ಎಂದು ಸೈಕಲ್ ಹತ್ತಿ ಹಿರೇಕೆರೂರಿನ ಕಡೆ ಹೊರಟಿದ್ದೆ. ಅಲ್ಲಿಯವರೆಗೆ ಅದು ಮುಂಬಯಿ, ಇದು ಮೈಸೂರು. ನಾವು ಪಹಣಿ ಅನ್ನುವುದನ್ನು ಅವರು ಉತಾರ ಅನ್ನುತ್ತಿದ್ದರು. ನಮ್ಮ ಮೇಷ್ಟ್ರು ಅಲ್ಲಿ ಮಾಸ್ತರು. ಆ ಕಡೆಯಿದ್ದ ನನ್ನ ಸೋದರತ್ತೆಯ ಮಗ ಏಳನೆಯ ತರಗತಿಯಲ್ಲಿ ಪಾಸು ಮಾಡಿದ ಮುಲ್ಕಿ ಪರೀಕ್ಷೆಯ ಹೆಸರನ್ನೇ ನಮ್ಮ ಶಾಲೆಯಲ್ಲಿ ಯಾರೂ ಕೇಳಿರಲಿಲ್ಲ. ಹೋಗಿ ನೋಡಿದರೆ ಏನೂ ಇಲ್ಲ. ಆಚೆಯೂ ಜೋಳ, ಈಚೆಯೂ ಜೋಳ. ಒಬ್ಬ ಮುದುಕ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಗಡಿ ಎಲ್ಲಿತ್ತಜ್ಜ ಎಂದು ಕೇಳಿದೆ.

"ಇಲ್ಲೇ ಎಲ್ಲೋ ಇತ್ತಪಾ. ನಿನ್ನೆ ತೆಗೆದ್ರಂತ" ಅಂದ.

ಹಾಕಿದವರು ಯಾರು, ತೆಗೆದವರು ಯಾರು, ನಡುವೆ ಬದುಕಿದ ಇವನನ್ನು ಯಾರಾದರೂ ಒಂದು ಮಾತು ಕೇಳಿದ್ದರೇ? ಅವತ್ತು ತಲೆಗೆ ಹುಳ ಬಿಟ್ಟುಕೊಂಡು ಮನೆಗೆ ಬಂದೆ. ಇದನ್ನೆಲ್ಲ ಹೇಳಿಕೊಡುವ ವಿದ್ಯೆಯೊಂದಿದೆ, ಮೈಸೂರಿನಲ್ಲಿ ಅದನ್ನು ಓದಬಹುದು ಎಂದು ಕಾಲೇಜಿನಲ್ಲಿ ಯಾರೋ ಹೇಳಿದಾಗ ಮತ್ತೆ ಬೇರೇನೂ ಬೇಡವಾಯಿತು. ಇಂಟರ್‌ಮೀಡಿಯೆಟ್ ಮುಗಿಯುತ್ತಲೇ ಮೈಸೂರಿನ ಒಂದು ಕಾಲೇಜಿನಿಂದ ಅರ್ಜಿ ತರಿಸಿ, ಅಪ್ಪನ ಸಹಿ ಹಾಕಿಸಿ, ಅಂಚೆಗೆ ಹಾಕಿದೆ.

ಹಾಕಿದ ಮೇಲೆ ಕೊಚ್ಚಿಕೊಳ್ಳಲು ಸೊರಬಕ್ಕೆ ಹೋದೆ. ನನ್ನ ಅಕ್ಕನ ಗಂಡ, ನಮ್ಮ ಭಾವ, ಅಲ್ಲಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕ್ಯಾಸನೂರಿನ ಕಡೆ ಮಂಗಗಳು ಸತ್ತು ಬೀಳುತ್ತಿದ್ದ ವರ್ಷ ಅದು. ಜನರಿಗೂ ಜ್ವರ ಬರತೊಡಗಿತ್ತು. ಅವರ ಮೇಜಿನ ಮೇಲೆ ಆ ಕಡೆಯ ಕಾಗದಗಳೇ ತುಂಬಿದ್ದವು. ನನ್ನ ಮೈಸೂರಿನ ವರ್ಣನೆಯನ್ನೆಲ್ಲ ತಲೆಯೆತ್ತದೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಅಲ್ಲಿ ಸಿಗ್ಲಿಲ್ಲ ಅಂದ್ರೆ ಏನ್ ಮಾಡ್ತೀಯ ಮಾರಾಯ?"

ನನಗೆ ಕೋಪ ಬಂತು. ಸಿಗುವುದಿಲ್ಲ ಎಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ.

"ಕೋಪ ಮಾಡ್ಕೋಬೇಡ. ಈ ವರ್ಷ ಎಲ್ಲೂ ಸೇರದೆ ಮನೇಲಿ ಕೂತ್ರೆ ನಿಮ್ಮಪ್ಪ ನೇಗಿಲು ಕೊಡ್ತಾರೆ. ಒಂದು ಸಲ ಹಿಡಿದ್ಯೋ, ಆಮೇಲೆ ಬಿಡಿಸೋದು ಕಷ್ಟ. ಇನ್ನೊಂದು ಜಾಗ ನೋಡಿಟ್ಕೋ."

ಅವರು ಹೇಳಿದ್ದು ನಿಜ. ನಮ್ಮ ಮನೆಯಲ್ಲಿ ದುಡಿಯುವ ಕೈ ಕಡಿಮೆ. ಒಂದು ವರ್ಷ ತಪ್ಪಿದರೆ ಓದು ಅಲ್ಲಿಗೆ ಮುಗಿದಂತೆ. ಹಾಗಾದರೆ ಎಲ್ಲಿ? ಇಬ್ಬರೂ ಕೂತು ಯೋಚಿಸಿದೆವು. ಪುಣೆ ದೂರ. ಮದ್ರಾಸಿನ ಭಾಷೆ ಬಾರದು. ಉಳಿದದ್ದು ಧಾರವಾಡ. ನಮ್ಮ ಹೊಲದಿಂದ ಹತ್ತಿರ, ಆದರೂ ನಿನ್ನೆಯವರೆಗೆ ಪರದೇಶ.

ಊರಿಗೆ ಬಂದವನೇ ಧಾರವಾಡ ಕಂಡವರು ಯಾರಿದ್ದಾರೆ ಎಂದು ಹುಡುಕತೊಡಗಿದೆ. ಹುಡುಕಾಟದಲ್ಲೇ ಕುತೂಹಲ ಹತ್ತಿಕೊಂಡಿತು. ಅಲ್ಲಿ ಮೇಷ್ಟರುಗಳಿಗೇ ಮೇಷ್ಟ್ರಾಗುವಷ್ಟು ಮಾತು ಕಲಿಯುತ್ತಾರೆ ಎಂದರು ಒಬ್ಬರು. ಮರಾಠಿ ಬಾರದಿದ್ದರೆ ಊಟ ಸಿಗುವುದಿಲ್ಲ ಎಂದರು ಇನ್ನೊಬ್ಬರು. ಅವರು ಧಾರವಾಡ ನೋಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಂಬುವಂಥ ಸುದ್ದಿ ಸಿಕ್ಕಿದ್ದು ಕುರಿಗಾರನೊಬ್ಬನಿಂದ. ಗೊಬ್ಬರಕ್ಕೆಂದು ನಮ್ಮ ಖಾಲಿ ಹೊಲದಲ್ಲಿ ಮಂದೆ ನಿಲ್ಲಿಸಿದ್ದ. ಪ್ರತಿ ವರ್ಷ ಆ ಸೀಮೆಯನ್ನೆಲ್ಲ ನಡೆದು ಬರುವವನು.

"ನೀರು ಚಲೋ. ಮಳಿ ಸಣ್ಣದು, ಆದರ ಹಿಡೀತಂದ್ರ ಬಿಡೂದಿಲ್ಲ. ಕುರಿಗೆ ಕಾಲು ಹುಣ್ಣಾಗ್ತಾವ" ಅಂದ. ಆಮೇಲೆ ನನ್ನ ಕಾಲು ನೋಡಿ, "ನಿನಗೇನೂ ಆಗೂದಿಲ್ಲ ಬಿಡು" ಎಂದು ಸೇರಿಸಿದ.

ಮಂದಿ ಹೇಗೆ ಎಂದು ಕೇಳಿದೆ. "ಬೈದಂಗ ಮಾತಾಡ್ತಾರ. ಬೈಯೂದಿಲ್ಲ" ಅಂದ. ಧಾರವಾಡದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ಆಮೇಲೆ ಅಲ್ಲಿದ್ದಾಗಲೂ ನಾನು ಕೇಳಲಿಲ್ಲ.

ಅರ್ಜಿ ತರಿಸಿದೆ. ಅಂಚೆಯಲ್ಲಿ ಬಂದ ಅದನ್ನು ತುಂಬಿ, ಕೊಟ್ಟಿಗೆಯ ಹತ್ತಿರ ಹಗ್ಗ ಹೊಸೆಯುತ್ತಿದ್ದ ಅಪ್ಪನ ಮುಂದೆ ಹಿಡಿದೆ. ಅಪ್ಪ ಸಹಿ ಮಾಡಲಿಲ್ಲ.

"ಮೈಸೂರಿಗೆ ಸಹಿ ಮಾಡೀನಲ್ಲ. ಅವರು ಹೌದು ಅಂದಿಲ್ಲ, ಅಲ್ಲ ಅಂದಿಲ್ಲ. ಅಷ್ಟರಾಗ ಇನ್ನೊಂದು ಮನೆ ಬಾಗಿಲು ಹೆಂಗ ಬಡೀಲಿ?"

ನಮ್ಮ ಮನೆಯ ಪದ್ಧತಿ ಅದು. ಅಕ್ಕನನ್ನು ಮೊದಲು ಹೊಸಬಾಳೆಯ ಒಂದು ಮನೆಯವರು ನೋಡಿಹೋಗಿದ್ದರು. ಹೋದವರದು ಎಂಟು ತಿಂಗಳು ಸುದ್ದಿಯಿಲ್ಲ. ಅಷ್ಟರಲ್ಲಿ ಭಾವನ ಕಡೆಯವರು ಕೇಳಿಸಿದರೂ ಅಪ್ಪ ಬಾಯಿ ಬಿಡಲಿಲ್ಲ. ಕೊನೆಗೆ ಹಿರಿಯರೊಬ್ಬರನ್ನು ಎಲೆ ಅಡಿಕೆ ಕೊಟ್ಟು ಹೊಸಬಾಳೆಗೆ ಕಳಿಸಿ, 'ನಾವು ಬೇರೆ ಕಡೆ ನೋಡ್ತೀವಿ, ಬೇಜಾರು ಮಾಡಿಕೊಳ್ಳಬೇಡಿ' ಎಂದು ಹೇಳಿಸಿ, ಮಾತು ಬಿಡಿಸಿಕೊಂಡು ಬಂದ ಮೇಲೆಯೇ ಸೊರಬದ ಕಡೆ ಮುಖ ಮಾಡಿದ್ದು.

ಇದು ಹೆಣ್ಣು ಗಂಡಿನ ವ್ಯವಹಾರವಲ್ಲ, ಅರ್ಜಿ, ಹತ್ತು ಕಡೆ ಹಾಕಬಹುದು ಎಂದು ನಾನು ಗಂಟಲು ಹರಿದುಕೊಂಡೆ. ಅಪ್ಪ ಹಗ್ಗ ಹೊಸೆಯುತ್ತಲೇ ಇದ್ದ. ಸಿಟ್ಟಿನಿಂದ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅಪ್ಪ ತಾನಾಗಿ ಹೇಳಿದ: "ಕಾಗದ ಬರೆಸಿ ಹಾಕೀನಿ. ಮೈಸೂರಿಂದ ಉತ್ತರ ಬರಲಿ, ಅವತ್ತೇ ಸಹಿ ಮಾಡ್ತೀನಿ."

ಊರಿನ ಶಾಲೆಯ ಮೇಷ್ಟರ ಹತ್ತಿರ ಹೋಗಿ, ತಾನು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಸಿದ್ದ. ನನ್ನ ಮಗನನ್ನು ನಿಮ್ಮಲ್ಲಿಗೆ ಕೇಳಿದ್ದೆವು, ಈಗ ಧಾರವಾಡದಲ್ಲೂ ಕೇಳಬೇಕೆಂದಿದ್ದೇವೆ, ದಯವಿಟ್ಟು ನಮ್ಮನ್ನು ಮಾತಿನಿಂದ ಬಿಡಿಸಿಕೊಡಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೇಳಿ ನನಗೆ ನಗು ಬಂತು. ಮೈಸೂರಿನ ಪ್ರಿನ್ಸಿಪಾಲರು ಹೊಸಬಾಳೆಯ ಮನೆಯವರ ಹಾಗೆ ಮುಖ ಊದಿಸಿಕೊಂಡು ಕೂತಿರುವುದನ್ನು ನೆನೆಸಿಕೊಂಡು ಅಮ್ಮನೂ ನಾನೂ ನಕ್ಕೆವು. ಧಾರವಾಡಕ್ಕೆ ಅರ್ಜಿ ಮುಟ್ಟಿಸಲು ಇನ್ನೂ ಹದಿನೈದು ದಿನವಿತ್ತು.

ಹತ್ತು ದಿನ ಉತ್ತರವಿಲ್ಲ. ಹನ್ನೊಂದನೆಯ ದಿನ, ಅಪ್ಪನಿಗೆ ಬುದ್ಧಿ ಹೇಳಿಸೋಣ ಎಂದು ಮತ್ತೆ ಸೊರಬಕ್ಕೆ ಹೋಗಿ ಭಾವನಿಗೆ ಕಾಗದದ ಕತೆ ಹೇಳಿದೆ. "ನಿಮ್ಮಪ್ಪನ ಈ ಪದ್ಧತಿಯಿಂದ ನನ್ನ ಮದುವೆಯೇ ಒಂದು ವರ್ಷ ತಡ ಆಯ್ತು" ಎಂದು ಮೊದಲು ಅವರೂ ನಕ್ಕರು. ಆಮೇಲೆ ನಗು ನಿಂತಿತು.

"ಬಿಡಿಸಿಕೊಡಿ ಅಂತಲೇ ಬರೆಸಿದ್ದಾರಾ?"

"ಹೌದು ಭಾವ."

"ನಾನು ಕಚೇರೀಲಿ ಕೂರೋನು. ಅಂಥ ಕಾಗದ ನನ್ನ ಮೇಜಿಗೆ ಬಂದ್ರೆ ಅರ್ಜಿ ವಾಪಸ್ ತಗೊಂಡ್ರು ಅಂತ ಬರೆದು ಪಕ್ಕಕ್ಕಿಡ್ತೀನಿ. ಅವರಿಗೂ ಬೇರೆ ಅರ್ಥ ಆಗೋಕೆ ಸಾಧ್ಯವಿಲ್ಲ."

ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಶಿಕಾರಿಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಪ್ಪನಿಗೆ ಹೇಳಬೇಕಾದದ್ದನ್ನು ಜೋಡಿಸಿಕೊಂಡೆ. ನಿನ್ನ ಮರ್ಯಾದೆ ನನ್ನ ಓದು ತಿಂದಿತು ಅನ್ನುವುದು ಮೊದಲ ಮಾತು. ಉಳಿದವು ಇದಕ್ಕಿಂತ ಒರಟಾಗಿದ್ದವು.

ಮನೆ ಮುಟ್ಟುವಾಗ ಅಪ್ಪ ಒಗೆದ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದ. ಕೈಯಲ್ಲಿ ಲಕೋಟೆ. "ಬಂತು ನೋಡು. ಬರ್ತದ ಅಂದಿದ್ದೆನಲ್ಲ. ಓದು."

ಒಡೆದು ಓದಿದೆ. ಇಂಗ್ಲಿಷಿನಲ್ಲಿ ಮೂರು ಸಾಲು. ಪೋಷಕರ ಕೋರಿಕೆಯಂತೆ ನಿಮ್ಮ ಅರ್ಜಿಯನ್ನು ತೆಗೆದುಹಾಕಲಾಗಿದೆ. ಮೈಸೂರು ಹೋಯಿತು. ಬಾಯಿಯವರೆಗೆ ಬಂದಿದ್ದ ಮಾತುಗಳೊಂದಿಗೆ ತಲೆಯೆತ್ತಿದೆ. ಅಪ್ಪ ನನ್ನ ಬಾಯನ್ನೇ ನೋಡುತ್ತಿದ್ದ. ಅಷ್ಟು ದೊಡ್ಡ ಊರಿನವರು ತನಗೆ ಮರ್ಯಾದೆಯಿಂದ ಉತ್ತರ ಕೊಟ್ಟರು ಎಂದು ಆಗಲೇ ಹಿಗ್ಗಿದ್ದ.

"ನೀವು ಕೇಳಿದ್ದು ಬಹಳ ಸಂತೋಷ, ನಮಗೇನೂ ಬೇಜಾರಿಲ್ಲ, ನಿಮ್ಮ ಮಗ ಎಲ್ಲಿ ಓದಿದರೂ ಚೆನ್ನಾಗಿರಲಿ ಅಂತ ಬರೆದಿದ್ದಾರೆ" ಎಂದೆ.

ಅಪ್ಪ ಅಮ್ಮನನ್ನು ಕರೆದು, ಇನ್ನೊಮ್ಮೆ ಓದು ಅಂದ. ಎರಡನೆಯ ಸಲ ನಾನು ಕಟ್ಟಿದ ಮಾತು ನನಗೇ ಮರೆತು, ಏನೇನೋ ಹಿಂದುಮುಂದಾಯಿತು. ಅಪ್ಪನ ಹುಬ್ಬು ಗಂಟಾಯಿತು. ಲಕೋಟೆ ತೆಗೆದುಕೊಂಡು ಎದ್ದ. "ಮೇಷ್ಟ್ರ ಹತ್ರ ಓದಿಸೋಣ. ನಿನಗ ಇಂಗ್ಲಿಷ್ ಸರಿಯಾಗಿ ಬಂದಂಗಿಲ್ಲ."

ಬೇಡ ಅನ್ನುವುದು ಹೇಗೆ? ಧಾರವಾಡದ ಅರ್ಜಿ ಹಿಡಿದು ಹಿಂದೆ ಹೋದೆ. ಮೈಸೂರಂತೂ ಇಲ್ಲ, ನಿಜ ತಿಳಿದರೆ ಅಪ್ಪ ಇನ್ನು ಯಾವ ಕಾಗದಕ್ಕೂ ಸಹಿ ಮಾಡುವ ಧೈರ್ಯ ಮಾಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಆ ಹಿಗ್ಗು ಇಳಿಯುವುದನ್ನು ನೋಡಲಾರೆ ಅನ್ನಿಸುತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆ ಇದೇ ಮನುಷ್ಯನ ಮೇಲೆ ಹಾರಾಡಲು ಬಂದವನು ನಾನು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ಮೂರು ಸಾಲಿಗೆ ಬೇಕಾದದ್ದಕ್ಕಿಂತ ಬಹಳ ಹೊತ್ತು ಓದಿದರು. ಅಪ್ಪನ ಕಾಗದವನ್ನು ಇಂಗ್ಲಿಷಿಗೆ ತಂದ ಕೈ ಅವರದೇ. ಮುಖದ ಬಣ್ಣ ಇಳಿಯಿತು. ಅರ್ಜಿ ಹಿಡಿದು ನಿಂತ ನನ್ನನ್ನು ನೋಡಿದರು.

"ಏನಂತ ಬರೆದಾರ ಮೇಷ್ಟ್ರೇ?" ಅಪ್ಪ ಕೇಳಿದ.

ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀನು ಏನಂತ ಓದಿ ಹೇಳಿದೆ?"

ಹೇಳಿದೆ. ಮೂರನೆಯ ಸಲ ಒಂದಕ್ಷರವೂ ತಪ್ಪಲಿಲ್ಲ.

"ಸರಿಯಾಗೇ ಓದಿದಾನೆ ರೀ" ಅಂದರು ಮೇಷ್ಟ್ರು. "ಬಹಳ ಮರ್ಯಾದಸ್ಥರು. ಇಂಥ ಉತ್ತರ ಎಲ್ಲರಿಗೂ ಬರೆಯಲ್ಲ ಅವರು."

ಅಪ್ಪ ಅವರ ಮೇಜಿನ ಮೇಲೇ ಧಾರವಾಡದ ಅರ್ಜಿಯನ್ನು ಹರಡಿ, ಅವರದೇ ಪೆನ್ನಿನಲ್ಲಿ ನಿಧಾನವಾಗಿ ಸಹಿ ಮಾಡಿದ. ಆರಲೆಂದು ಊದಿ ನನ್ನ ಕೈಗೆ ಕೊಟ್ಟು, "ಕೇಳಿದ್ದು ಚಲೋ ಆತು. ಇಲ್ಲಂದ್ರ ಮನಸ್ಸಿನಾಗ ಉಳೀತಿತ್ತು" ಅಂದ. ಹೂಂ ಅಪ್ಪ, ಎಂದೆ.