ಮಧ್ಯಾಹ್ನ ತುಂಬಿಸಿದ ಗಾಳಿ

ಇಸವಿ ೨೦೦೪, ನನಗಾಗ ನಲವತ್ತೊಂದು ವರ್ಷ. ಬ್ರಹ್ಮಾವರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ಕೆಲಸವನ್ನು ಬಿಟ್ಟು, ಗಂಗೊಳ್ಳಿಯಲ್ಲಿ ಅಕ್ಕನ ಗಂಡ ನಡೆಸುತ್ತಿದ್ದ ಶೆಡ್ಡಿಗೆ ಸೇರಿಕೊಂಡಿದ್ದೆ. ನೀರಿನಲ್ಲಿ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರುಗಳಿಗೆ ಅಲ್ಲಿ ಕಂಪ್ರೆಸರಿನಿಂದ ಗಾಳಿ ತುಂಬಿಸಿಕೊಡುತ್ತಿದ್ದೆವು. ಆ ಗಾಳಿಯನ್ನು ಎಲ್ಲರಿಗಿಂತ ಹೆಚ್ಚು ಉಸಿರಾಡುತ್ತಿದ್ದವನು ನನ್ನ ತಮ್ಮ. ದೋಣಿಯ ಅಡಿಯಲ್ಲಿ ತಿರುಗುವ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಕೆಳಗಿಳಿದು ಕತ್ತರಿಸಿ ಬಿಡಿಸುವುದು ಅವನ ಕಸುಬು. ಅವನು ನೀರಿನೊಳಗಿರುವಷ್ಟು ಹೊತ್ತೂ ನಾನು ಮೇಲೇಳುವ ಗುಳ್ಳೆಗಳನ್ನು ನೋಡುತ್ತ, ದೋಣಿ ಕಟ್ಟುವ ದಕ್ಕೆಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದೆ. ಒಂದೆಡೆ ಕೂರುವುದು ನನ್ನಿಂದ ಸಾಧ್ಯವಾಗುತ್ತಿರಲಿಲ್ಲ.

ಯಂತ್ರದ ತತ್ತ್ವ ಸರಳವಾದದ್ದು. ಹೊರಗಿನ ಗಾಳಿಯನ್ನು ಎಳೆದು ಮೂರು ಹಂತಗಳಲ್ಲಿ ಹಿಂಡುತ್ತದೆ. ಹಿಂಡಿದಾಗಲೆಲ್ಲ ಗಾಳಿ ಕಾಯುವುದರಿಂದ ಪ್ರತಿ ಹಂತದ ನಂತರವೂ ಸುರುಳಿ ಕೊಳವೆಯಲ್ಲಿ ಹರಿಸಿ ತಣಿಸಬೇಕು. ತಣಿದ ಗಾಳಿ ನೀರು ಬಿಡುತ್ತದೆ. ಆ ನೀರನ್ನು ಆಗಾಗ ಹೊರಕ್ಕೆ ಹರಿಸದಿದ್ದರೆ ಫಿಲ್ಟರು ಹಾಳು. ಫಿಲ್ಟರಿನ ಇದ್ದಿಲು ಎಣ್ಣೆಯ ಆವಿಯನ್ನೂ ವಾಸನೆಯನ್ನೂ ಹೀರುತ್ತದೆ. ಆದರೆ ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಅದು ತಡೆಯಲಾರದು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಳಕ್ಕಿಳಿದಷ್ಟೂ ಅದರ ವಿಷ ಬಲಿಯುತ್ತದೆ.

ಭಾವ ಮೀನು ವ್ಯಾಪಾರದ ಮನೆತನದವರು. ಬುಟ್ಟಿಯ ಮುಚ್ಚಳ ತೆಗೆಯುವ ಮೊದಲೇ ಮೀನು ಯಾವ ದಿನದ್ದೆಂದು ವಾಸನೆಯಿಂದ ಹೇಳಬಲ್ಲವರು. ಗಾಳಿಗೂ ಅವರದು ಅದೇ ಪರೀಕ್ಷೆ. ತುಂಬಿದ ಸಿಲಿಂಡರಿನ ವಾಲ್ವನ್ನು ತುಸು ತೆರೆದು, ಮೂಸಿ, "ಫಸ್ಟ್‌ಕ್ಲಾಸ್" ಎಂದರೆ ಮುಗಿಯಿತು.

ಕಂಪ್ರೆಸರನ್ನು ಓಡಿಸುವ ಡೀಸೆಲ್ ಎಂಜಿನ್ನಿನ ಹೊಗೆಕೊಳವೆ ಶೆಡ್ಡಿನ ಪಡುಗೋಡೆಯಲ್ಲಿತ್ತು. ಗಾಳಿ ಎಳೆಯುವ ಬಾಯಿ ಮೂಡುಗೋಡೆಯಲ್ಲಿ. ಬೆಳಿಗ್ಗೆ ನೆಲದಿಂದ ಕಡಲಿಗೆ ಬೀಸುವ ಗಾಳಿ ಹೊಗೆಯನ್ನು ಆಚೆಗೆ ಒಯ್ಯುತ್ತಿತ್ತು. ಬೆಳಿಗ್ಗೆ ಮಾತ್ರ ತುಂಬಿಸುತ್ತಿದ್ದ ಕಾಲದಲ್ಲಿ ಅಡ್ಡಿಯಿರಲಿಲ್ಲ. ಆ ವರ್ಷ ಮಳೆಗಾಲ ಕಳೆದು ದೋಣಿಗಳು ಕಡಲಿಗಿಳಿದ ಮೇಲೆ ಕೆಲಸ ಹೆಚ್ಚಿತು. ಊಟದ ನಂತರವೂ ಎಂಜಿನ್ ಓಡತೊಡಗಿತು. ಅಷ್ಟು ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ಬೀಸುತ್ತದೆ. ಹೊಗೆ ಶೆಡ್ಡಿನ ಛಾವಣಿಯನ್ನು, ನಮ್ಮ ಮಾತಿನಲ್ಲಿ ಮಾಡನ್ನು, ದಾಟಿ ಮೂಡಣ ಬಾಯಿಗೇ ಬರುತ್ತದೆ.

ಒಂದು ಸಂಜೆ ತಮ್ಮ ನೀರಿನಿಂದ ಮೇಲೆ ಬಂದವನೇ ದಕ್ಕೆಯ ಅಂಚಿನಲ್ಲಿ ವಾಂತಿ ಮಾಡಿಕೊಂಡ.

"ಅಣ್ಣಯ್ಯ, ಮಂಡಿ ಸಿಡಿತಾ ಇತ್ತ್," ಎಂದ, ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು.

ಅವನ ಸಿಲಿಂಡರನ್ನು ಶೆಡ್ಡಿಗೆ ತಂದು ಭಾವನ ಮುಂದಿಟ್ಟೆ. ಅವರು ಮೂಸಿ ನಕ್ಕರು.

"ಹ್ವಾಯ್ ಮಾಷ್ಟ್ರೇ, ಎಂತ ವಾಸ್ನಿ ಇತ್ತ್ ಇದ್ರಂಗೆ? ಅಂವ ಹೊಟ್ಟಿಗೆ ಎಂತದೋ ಕಂಡಾಪಟ್ಟಿ ಹಾಕ್ಕಂಡಿದ."

"ವಾಸ್ನಿ ಇಲ್ದಿದ್ದೇ ತೊಂದ್ರಿ, ಭಾವ. ಮಧ್ಯಾಹ್ನ ಗಾಳಿ ತಿರ್ಗತ್ತ್, ಹೊಗಿ ಎಲ್ಲಿಗ್ ಹೋತ್ತ್ ಕಾಣಿ."

"ನಂಗೆ ಗಾಳಿ ಪಾಠ ಹೇಳ್ತ್ರ್ಯಾ? ನಾ ಹುಟ್ಟಿದ್ದೇ ದೋಣಿ ಬುಡದಂಗೆ!"

ಮರುದಿನವೂ ಮಧ್ಯಾಹ್ನ ಎಂಜಿನ್ ಓಡಿತು. ನಾನು ಒಳಗೆ ನಿಲ್ಲಲಾರದೆ ಹೊರಗೆ ಬರುತ್ತಿದ್ದೆ; ಹೊಗೆಯನ್ನು ಕಂಡು ಹೊರಗೂ ನಿಲ್ಲಲಾರದೆ ಒಳಗೆ ಹೋಗುತ್ತಿದ್ದೆ. ಇಳಿಯಬೇಡವೆಂದು ತಮ್ಮನನ್ನು ಬೇಡಿಕೊಂಡರೆ, "ಒಂದಿನ ವಾಂತಿ ಆಯ್ತಂದೇಳಿ ಕೆಲ್ಸ ಬಿಡುಕಾತ್ತಾ?" ಎಂದು ಆಗಷ್ಟೇ ತುಂಬಿಸಿದ ಸಿಲಿಂಡರಿಗೆ ಕೈಹಾಕಿದ.

ಚಹಾ ತಂದ ಅಕ್ಕ ಇದನ್ನೆಲ್ಲ ಕೇಳಿಸಿಕೊಂಡಳು. ಗಂಡನ ಕಡೆ ತಿರುಗಿ, "ನಿಮ್ ಮೂಗಿನ್ ಮೇಲೆ ಅಷ್ಟ್ ನಂಬ್ಕಿ ಇದ್ರೆ ಆ ಗಾಳಿ ನೀವೇ ಎಳ್ದ್ ಕಾಣಿ. ನನ್ ತಮ್ಮ ಎಂತಕೆ?" ಎಂದಳು.

"ಅದ್ಕೆಂತ?" ಎಂದ ಭಾವ, ತಮ್ಮನ ಕೈಯಿಂದ ಸಿಲಿಂಡರನ್ನು ಕಿತ್ತುಕೊಂಡು, ಮೀನಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕುಳಿತು, ಉಸಿರಾಟದ ಕೊಳವೆಯನ್ನು ಬಾಯಿಗಿಟ್ಟುಕೊಂಡರು. ಯಾರೂ ಮಾಡಬಾರದ ಪರೀಕ್ಷೆ ಅದು. ಬೇಡವೆಂದು ಕೂಗಿದೆ, ಕೇಳಲಿಲ್ಲ. ಪಕ್ಕದಲ್ಲೇ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಮೊದಮೊದಲು ಅಕ್ಕನಿಗೆ ಹುಬ್ಬು ಹಾರಿಸುತ್ತಿದ್ದರು. ಚಹಾ ಆರಿ ಕೆನೆಗಟ್ಟುವ ಹೊತ್ತಿಗೆ ಹಣೆ ಒತ್ತಿಕೊಳ್ಳತೊಡಗಿದರು. ನಾನು ಕೊಳವೆಯನ್ನು ಕಿತ್ತೆಳೆದೆ, ಅವರು ತಡೆಯಲಿಲ್ಲ.

"ಬಿಸ್ಲಿಗೆ ಹೀಂಗಾಪ್ದ್," ಎಂದರು, ಕಣ್ಣು ಮುಚ್ಚಿಕೊಂಡು.

"ಬಿಸ್ಲಾ? ಮಾಡಿನ್ ಅಡಿಗೆ ಕೂಕಂಡಾ?" ಎಂದಳು ಅಕ್ಕ.

ಅವರನ್ನು ಹೊರಗಿನ ಗಾಳಿಗೆ ಕರೆದೊಯ್ದು ಕೂರಿಸಿದೆವು. ಬಹಳ ಹೊತ್ತಿನ ಮೇಲೆ ಎದ್ದುಬಂದು, ತಾವೇ ಎಂಜಿನ್ ನಿಲ್ಲಿಸಿದರು. ಆ ಮಧ್ಯಾಹ್ನ ತುಂಬಿಸಿದ್ದ ಸಿಲಿಂಡರುಗಳ ವಾಲ್ವುಗಳನ್ನು ಒಂದೊಂದಾಗಿ ತೆರೆದರು. ಬುಸುಗುಟ್ಟುವ ಸದ್ದಿನ ನಡುವೆ ತಮ್ಮ, "ಭಾವ, ನನ್ ಕೆಲ್ಸ?" ಎಂದು ಕೇಳಿದ.

"ನಾಳೆ ಬೆಳಿಗ್ಗೆ ತುಂಬ್ಸಿ ಕೊಡ್ತೆ. ಇವತ್ತಿಂದ್ ಬ್ಯಾಡ."

ಬೆಳಿಗ್ಗೆ ಮಾತ್ರ ತುಂಬಿಸುವ ಕಟ್ಟುಪಾಡು ಅಂದಿನಿಂದ ಜಾರಿಗೆ ಬಂತು. ಆದರೂ ನನ್ನ ಚಡಪಡಿಕೆ ನಿಲ್ಲಲಿಲ್ಲ. ಗಾಳಿ ಗಡಿಯಾರ ನೋಡಿಕೊಂಡು ಬೀಸುವುದಿಲ್ಲ. ಎಂಜಿನ್ ಶುರುವಾದಾಗಲೆಲ್ಲ ಅಂಗಳಕ್ಕೆ ಓಡಿ ಹೊಗೆಯ ದಿಕ್ಕು ನೋಡುತ್ತಿದ್ದೆ. ಕರೆಂಟಿನ ಮೋಟಾರು ಹಾಕಿಸೋಣವೆಂದರೆ ಭಾವ, "ಇಲ್ಲಿ ಕರೆಂಟ್ ಇಪ್ದ್ ಯಾವಾಗ?" ಎಂದು ಗೊಣಗುತ್ತಿದ್ದರು; ಬೇಡವೆಂದು ಮಾತ್ರ ಹೇಳಲಿಲ್ಲ. ಕೊನೆಗೆ ಡೀಸೆಲ್ ಎಂಜಿನ್ನನ್ನು ಬಿಚ್ಚಿ ಸಾಗಿಸಿ, ಗಾಳಿಯ ಬಾಯಿಯನ್ನು ಮಾಡಿಗಿಂತ ಎತ್ತರಕ್ಕೆ ಏರಿಸಿ, ಮೋಟಾರು ಓಡಿಸಿ ತಮ್ಮನ ಸಿಲಿಂಡರನ್ನು ತುಂಬಿಸಿದ್ದು ೨೦೦೫ನೆಯ ಇಸವಿಯ ಜನವರಿ ೧೯, ಬುಧವಾರ.