ನೆದ್ಯಾಲ್ಕಳ ಗಾಡಿಯ ಟೊಳ್ಳು ಫಿಲ್ಟರು

ನಮ್ಮ ತ್ರೊಯಾನ್ ಪಟ್ಟಣದ ಸುತ್ತಲಿನ ಬೆಟ್ಟದ ಹಳ್ಳಿಗಳಲ್ಲಿ ನೆದ್ಯಾಲ್ಕಳ ಕೈಯಿಂದ ಇಂಜೆಕ್ಷನ್ ಚುಚ್ಚಿಸಿಕೊಳ್ಳದವರು ಕಡಿಮೆ. ಇಪ್ಪತ್ತಾರು ವರ್ಷಗಳಿಂದ ಮನೆಮನೆಗೆ ಹೋಗುವ ನರ್ಸು ಅವಳು. ಅವಳ ಡೀಸೆಲ್ ಕಾರು ಒಂದು ಮನೆಯಿಂದ ಹೊರಟು ಮುಂದಿನ ತಿರುವಿನ ಮನೆಯಲ್ಲಿ ನಿಲ್ಲುತ್ತಿತ್ತು. ನನ್ನ ತಾಯಿಯ ಕೊನೆಯ ಚಳಿಗಾಲದಲ್ಲಿ ದಿನಕ್ಕೆರಡು ಸಲ ಬಂದು ಹುಣ್ಣು ತೊಳೆದು ಕಟ್ಟಿದವಳೂ ಅವಳೇ. ಆ ಕಾರನ್ನು ಫೇಲ್ ಮಾಡಿದವನು ನಾನು.

ವಾಹನಗಳಿಗೆ ಎಫ್‌ಸಿ ಕೊಡುವುದು ನನ್ನ ಕೆಲಸ. ಮಾರ್ಚಿನಲ್ಲಿ ಅವಳು ಬಂದಾಗ ಬ್ರೇಕು, ದೀಪ, ಟೈರು ಎಲ್ಲ ಸರಿಯಿದ್ದವು. ಹೊಗೆ ಅಳೆದಾಗ ಮಾತ್ರ ಅಂಕಿ ಸರ್ರನೆ ಮೇಲೇರಿತು. ಗಾಡಿಯ ಅಡಿ ನೋಡಲೆಂದು ತೋಡಿದ ಗುಂಡಿಗಿಳಿದು ನೋಡಿದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ಡಬ್ಬಿಯನ್ನು ಕೊಯ್ದು ಮತ್ತೆ ಬೆಸೆದಿದ್ದರು. ತಟ್ಟಿದರೆ ಟೊಳ್ಳು ಸದ್ದು.

"ಅಕ್ಕ, ಇದರೊಳಗೆ ಏನೂ ಇಲ್ಲ. ಯಾರೋ ತೆಗೆದುಬಿಟ್ಟಿದ್ದಾರೆ."

ಅವಳೂ ಬಗ್ಗಿ ನೋಡಿದಳು. "ಯಾರೋ ಅಲ್ಲ. ಇಷ್ಟು ಸೊಟ್ಟಗೆ ಬೆಸೆಯೋನು ನನ್ನ ಗಂಡ ಒಬ್ಬನೇ."

ಹೇಗೋ ಪಾಸು ಮಾಡಿಬಿಡು ಎಂದು ಕೇಳುತ್ತಾಳೇನೋ ಎಂದು ನನಗೆ ಅಳುಕು. ಅವಳು ಕೇಳಲಿಲ್ಲ.

"ನೀನು ಬರೆಯೋದು ಬರಿ, ಪೆಂಚೊ. ನಾನು ನೋಡೋ ಮುದುಕರಲ್ಲಿ ಅರ್ಧ ಜನಕ್ಕೆ ಉಬ್ಬಸ. ಅವರ ಕಿಟಕಿ ಕೆಳಗೇ ಈ ಗಾಡಿ ನಿಲ್ಲಿಸ್ತಾ ಇದ್ದೆನಲ್ಲ."

ಮರುದಿನ ಅವಳ ಗಂಡ ತ್ಸಾಂಕೊ ಟೋಪಿ ಕೈಯಲ್ಲಿ ಹಿಡಿದು ಬಂದ. ಹಿಂದಿನ ವರ್ಷ ಫಿಲ್ಟರಿನಲ್ಲಿ ಮಸಿ ಕಟ್ಟಿಕೊಂಡು, ಹಿಮ ಬಿದ್ದ ಏರಿನಲ್ಲಿ ಗಾಡಿ ನಿಂತು, ಹೆಂಡತಿ ಎರಡು ತಾಸು ಒಬ್ಬಳೇ ಕೂತಿದ್ದಳಂತೆ. ಹೇಳಿದರೆ ಒಪ್ಪಲಾರಳೆಂದು ಗುಟ್ಟಾಗಿ ಕೊಯ್ದಿದ್ದ. ತಪ್ಪು ಫಿಲ್ಟರಿನದಲ್ಲ, ಪುಟ್ಟ ಪುಟ್ಟ ಓಡಾಟದಲ್ಲಿ ಮಸಿ ಸುಡುವಷ್ಟು ಕಾವು ಏರುವುದಿಲ್ಲ, ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ತಾಸು ಎಲ್ಲೂ ನಿಲ್ಲಿಸದೆ ಓಡಿಸಿದರೆ ಸಾಕು ಎಂದು ಅವನಿಗೆ ತಿಳಿಸಿ ಹೇಳಿದೆ.

ಸೆವ್ಲಿಯೆವೊದ ಗುಜರಿಯವನು ಒಳ್ಳೆಯ ಹಳೆಯ ಫಿಲ್ಟರು ಹುಡುಕಿಕೊಡಲು ಮೂರು ವಾರ ಹಿಡಿಯಿತು. ಗಾಡಿ ಓಡಿಸುವಂತಿಲ್ಲದ ಅಷ್ಟು ದಿನವೂ ತ್ಸಾಂಕೊ ಔಷಧಿ ಚೀಲ ಹೊತ್ತು ಹೆಂಡತಿಯ ಹಿಂದೆ ಬೆಟ್ಟ ಹತ್ತಿದ. ಕೊನೆಗೂ ಕೆಲಸಕ್ಕೆ ಸೇರಿದೆಯಾ ಎಂದು ಮುದುಕರು ಕಾಡಿದರು. ಅಡುಗೆಮನೆಗಳ ಮೂಲೆಯಲ್ಲಿ ಕೂತು, ಅವಳು ಮಾಡುವ ಕೆಲಸವನ್ನು ಅವನು ಮೊದಲ ಸಲ ಕಣ್ಣಾರೆ ಕಂಡ. ಒಂದು ದಿನ ಇಳಿದು ಬರುವಾಗ ಕೇಳಿದನಂತೆ:

"ಅವರ ಹತ್ರ ಎಷ್ಟು ಮೆತ್ತಗೆ ಮಾತಾಡ್ತೀಯ. ಮನೇಲಿ ಯಾಕೆ ಹಾಗಿಲ್ಲ?"

"ನೀನು ಯಾವತ್ತು ಕಾಯಿಲೆ ಬಿದ್ದಿದ್ದೆ?" ಎಂದಳಂತೆ ಇವಳು.

ನನಗೆ ಇದನ್ನು ಹೇಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ.

ಏಪ್ರಿಲ್‌ನಲ್ಲಿ ಕಾರು ಪಾಸಾಯಿತು. ಈಗ ಪ್ರತಿ ಭಾನುವಾರ ಇಬ್ಬರೂ ಹೆದ್ದಾರಿಗೆ ಹೋಗುತ್ತಾರೆ. ಅರ್ಧ ತಾಸು ಸಾಕೆಂದು ನಾನು ಹೇಳಿದ್ದೆ. ಅವರು ಮನೆಗೆ ಬರುವಾಗ ಸಂಜೆಯಾಗಿರುತ್ತದೆ.