ಇಲ್ಲದ ಬಂಡೆ

ಇಲ್ಲದ ಬಂಡೆಯೊಂದನ್ನು ಇದೆ ಎಂದು ಹೇಳಿ, ಒಂದು ಕಾಲುವೆಯನ್ನು ಸೊಟ್ಟ ಮಾಡಿದವನು ನಾನು.

ಕಾಲುವೆ ಸೊಟ್ಟಾದದ್ದಕ್ಕೆ ನನಗೆ ಅಷ್ಟೇನೂ ಸಂಕಟವಿಲ್ಲ. ನೀರಿಗೆ ನಾಚಿಕೆಯಿಲ್ಲ, ಹೇಗೋ ತಿರುಗಿಕೊಂಡು ಹೋಗುತ್ತದೆ. ಆದರೆ ಅದರ ಜೊತೆಗೆ ಒಬ್ಬ ಮನುಷ್ಯನ ಮಾತನ್ನೂ ಸೊಟ್ಟ ಮಾಡಿದೆ — ಅವರು ಸಾಬಣ್ಣ, ನಮ್ಮ ಕಚೇರಿಯ ವರ್ಕ್ ಇನ್‌ಸ್ಪೆಕ್ಟರ್. ಅವರು ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು. ಇದು ಗೊತ್ತಿದ್ದವನು ನಾನೊಬ್ಬನೇ, ಮತ್ತು ನಾನು ಸುಮಾರು ನಲವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಆಗ ನಮ್ಮ ಕಡೆ ಕಾಲುವೆ ತೋಡುವ ಕಾಲ. ಕೃಷ್ಣೆಯ ನೀರು ಹೊಲಕ್ಕೆ ಬರುತ್ತದಂತೆ ಎಂಬ ಮಾತು ಶಹಾಪುರ, ಸುರಪುರದ ಪ್ರತಿ ಕಟ್ಟೆಯ ಮೇಲೂ ಕೂತಿತ್ತು. ಸುರಪುರದಲ್ಲಿ ಒಂದು ಹಳೆಯ ಬಾಡಿಗೆ ಮನೆಯೇ ನಮ್ಮ ಕಾಲುವೆ ಕಚೇರಿ. ನಾನು ಅಲ್ಲಿ ಟ್ರೇಸರ್, ಅಂದರೆ ನಕ್ಷೆ ಬರೆಯುವವನು. ಹೊಸದಾಗಿ ಮದುವೆಯಾಗಿತ್ತು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಕಕ್ಕೇರಾ ಕಡೆಗಿನ ಉಪಕಾಲುವೆಯ ಕೆಲಸ ನಮ್ಮದಾಗಿತ್ತು. ಅದಕ್ಕೆ ಅಲ್ಲಿಯವರೆಗೆ ಇದ್ದ ಯೋಜನೆ ಎಂದರೆ ಸಾಬಣ್ಣನವರ ಬೆರಳು. ಬೆಳಿಗ್ಗೆ ಆಳುಗಳ ಮುಂದೆ ನಿಂತು, ಬೆರಳು ಚಾಚಿ, "ಇವತ್ತ ಇಲ್ಲಿಂದ ಆ ಜಾಲಿ ಗಿಡದ ತನಕ" ಎನ್ನುತ್ತಿದ್ದರು. ಸಂಜೆಗೆ ಜಾಲಿ ಗಿಡ ಬಂದಿರುತ್ತಿತ್ತು. ನಾಲ್ಕನೇ ಇಯತ್ತೆ ಓದಿದ ಮನುಷ್ಯ. ಆದರೆ ಒಂದು ಚಿಟಿಕೆ ಮಣ್ಣನ್ನು ಬೆರಳಲ್ಲಿ ತಿಕ್ಕಿ, ಮೂಸಿ ನೋಡಿ, ಅದರ ಕೆಳಗೆ ಏನಿದೆ ಎಂದು ಹೇಳುತ್ತಿದ್ದರು. ತಪ್ಪಿದ್ದನ್ನು ನಾನು ನೋಡಿಲ್ಲ.

ಹೀಗಿರುವಾಗ ಮೇಲಿನಿಂದ ಒಂದು ಆದೇಶ ಬಂತು. ಯೋಜನೆಯನ್ನು ನಿರ್ವಹಿಸುವುದಕ್ಕೆ ಒಂದು ಯೋಜನೆ ತಯಾರಿಸಿ, ನಕ್ಷೆ ಸಹಿತ ಹದಿನೈದು ದಿನಗಳಲ್ಲಿ ಒಪ್ಪಿಸತಕ್ಕದ್ದು. ನಮ್ಮ ಕಚೇರಿಯ ಸಾಹೇಬರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಯೋಜನಿಗೆ ಒಂದು ಯೋಜನಿ ಅಂದ್ರ ಏನೋ ಮಾನಪ್ಪ?"

"ಗೊತ್ತಿಲ್ರಿ ಸಾಹೇಬ್ರ."

"ನನಗೂ ಗೊತ್ತಿಲ್ಲ. ನೀನ ಬರಿ."

ಬರೆಯತೊಡಗಿದೆ. ಗುರಿ ಏನು, ಯಾವ ಕೆಲಸ ಯಾರದು, ಯಾವ ತುಂಡು ಯಾವ ತಿಂಗಳು, ಯಂತ್ರ ಎಷ್ಟು, ಆಳು ಎಷ್ಟು — ಇವೆಲ್ಲ ಹೇಗೋ ತುಂಬಿದವು. ಅರ್ಧಕ್ಕರ್ಧ ಸಾಬಣ್ಣನವರನ್ನು ಕೇಳಿ ತುಂಬಿದ್ದು. ಸಿಕ್ಕಿಹಾಕಿಕೊಂಡದ್ದು 'ಅಡೆತಡೆಗಳು ಮತ್ತು ಪರಿಹಾರ' ಎಂಬ ಪುಟದಲ್ಲಿ. ಅದಕ್ಕೆ ಹತ್ತು ಸಾಲಿನ ಕೋಷ್ಟಕ ಕೊಟ್ಟಿದ್ದರು.

"ಮಳಿ ಅಂತ ಬರಿ," ಎಂದರು ಸಾಹೇಬರು. ಬರೆದೆ.

"ಹಬ್ಬ ಅಂತ ಬರಿ." ಬರೆದೆ.

ಆಮೇಲೆ ಇಬ್ಬರೂ ಸುಮ್ಮನೆ ಕೂತೆವು. ಎಂಟು ಸಾಲು ಖಾಲಿ.

ನಕ್ಷೆಗೆ ಆರು ದಿನ ಹಿಡಿಯಿತು. ಮೇಲೆ ಕಾಲುವೆಯ ಗೆರೆ, ಅದರ ಕೆಳಗೆ ಯಾವ ತುಂಡು ಯಾವ ತಿಂಗಳು ಎಂದು ತೋರಿಸುವ ಪಟ್ಟಿಗಳು. ಅಷ್ಟು ಚಂದದ ಕೆಲಸ ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ — ಆಮೇಲೂ ಮಾಡಲಿಲ್ಲ. ಒಪ್ಪಿಸುವ ದಿನ, ಮಧ್ಯಾಹ್ನ ಮೂರಕ್ಕೆ ಸಭೆ. ದೊಡ್ಡ ಸಾಹೇಬರು ಬರುವವರಿದ್ದರು. ಒಂದು ಗಂಟೆಗೆ ನನಗೆ ಹಸಿವಾಯಿತು. ನಕ್ಷೆಯ ಮೇಜಿನ ಮೇಲೆ ಊಟ ಮಾಡಬಾರದು ಎಂದು ಗೋಡೆಯ ಮೇಲೆ ನಾನೇ ಬಣ್ಣದ ಅಕ್ಷರದಲ್ಲಿ ಬರೆದಿದ್ದೆ. ಅದರ ಕೆಳಗೇ ಕೂತು ಬುತ್ತಿ ಬಿಚ್ಚಿದೆ. ಹೆಂಡತಿ ಕಟ್ಟಿದ್ದ ಜೋಳದ ರೊಟ್ಟಿ, ಕೆಂಪು ಮೆಣಸಿನಕಾಯಿ ಅರೆದ ರಂಜಕ, ಮೇಲೆ ಧಾರಾಳ ಎಣ್ಣೆ. ರೊಟ್ಟಿ ಮುರಿದೆ. ಒಂದು ತೊಟ್ಟು ರಂಜಕ ಹಾರಿ, ನೇರ ಕಾಲುವೆಯ ಗೆರೆಯ ಮೇಲೆ ಕೂತಿತು.

ಬೆರಳಿನಿಂದ ತೆಗೆದೆ — ಹರಡಿತು. ರಬ್ಬರ್ ಹಚ್ಚಿದೆ — ಇನ್ನಷ್ಟು ಹರಡಿತು. ಅವರೆಕಾಳಿನಷ್ಟಿದ್ದದ್ದು ಬದನೆಕಾಯಿಯಷ್ಟಾಯಿತು. ಹೊಸದಾಗಿ ಬರೆಯಲು ಆರು ದಿನ ಬೇಕು, ನನ್ನ ಬಳಿ ಎರಡು ಗಂಟೆಯೂ ಇರಲಿಲ್ಲ. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಹೊಳೆಯದೇ ಇದ್ದಿದ್ದರೆ — ಇರಲಿ.

ಕೆಂಪು ಪೆನ್ಸಿಲ್ ತೆಗೆದುಕೊಂಡು ಆ ಕಲೆಯ ಸುತ್ತ ಅಚ್ಚುಕಟ್ಟಾಗಿ ಓರೆಗೆರೆಗಳನ್ನು ಎಳೆದೆ. ಬೇಕೆಂದೇ ಬಿಡಿಸಿದ ಹಾಗೆ ಕಾಣಿಸಿತು. ಬೇಕೆಂದೇ ಬಿಡಿಸಿದ್ದಕ್ಕೆ ಒಂದು ಹೆಸರು ಬೇಕಲ್ಲ? ನಕ್ಷೆಯ ಮೂಲೆಯಲ್ಲಿ, ಕೆಂಪು ಗುರುತಿನ ಎದುರು, 'ಗಟ್ಟಿ ಬಂಡೆ ಸಂಭವ' ಎಂದು ಬರೆದೆ. ನಕ್ಷೆಯಲ್ಲಿ ಇದ್ದದ್ದು ಪುಟದಲ್ಲೂ ಇರಬೇಕಲ್ಲ? ಅಡೆತಡೆಗಳ ಮೂರನೇ ಸಾಲಿಗೆ 'ಬಂಡೆ' ಬಂತು. ಎದುರಿನ ಪರಿಹಾರದ ಕಾಲಂ ಖಾಲಿ ಬಿಡಬಾರದು ಎಂದು 'ಬಳಸಿ ಹೋಗುವುದು' ಎಂದೂ ಸೇರಿಸಿದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಮಾಧಾನವೇ ಆಗಿತ್ತು. ಕೋಷ್ಟಕ ಸ್ವಲ್ಪ ತುಂಬಿದಂತೆ ಕಂಡಿತು.

ಇಷ್ಟೆಲ್ಲ ಮಾಡುವಾಗ ಸಾಬಣ್ಣನವರ ಚೀಟಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಅದೇ ಜಾಗದಲ್ಲಿ ಅವರು ಮೂರು ಕಡೆ ಎರಡಾಳುದ್ದ ತೆಗ್ಗು ತೋಡಿಸಿ ನೋಡಿ, ಯೋಜನೆಯಲ್ಲಿ ಸೇರಿಸಲೆಂದು ಹಿಂದಿನ ದಿನ ಬರೆದುಕೊಟ್ಟದ್ದು. 'ಎರಿ ಮಣ್ಣು. ಕೆಳಗ ಗರಸು. ಬಂಡಿ ಇಲ್ಲ.' ಮೇಲೆ ಕಪ್ಪು ಎರೆ, ಅದರ ಕೆಳಗೆ ಹರಳು ಮಣ್ಣು, ಬಂಡೆಯ ಸುಳಿವೇ ಇಲ್ಲ ಎಂದು.

ಸಭೆಯಲ್ಲಿ ದೊಡ್ಡ ಸಾಹೇಬರು ನಲವತ್ತು ಪುಟ ತಿರುವಿದರು. ಮೈಸೂರು ಕಡೆಯವರು. ಬಿಸಿಲಿಗೆ ಬೆಂದು ಹೋಗಿದ್ದರು. ಗುರಿ ನೋಡಿ ಆಕಳಿಸಿದರು, ಆಳುಗಳ ಪಟ್ಟಿ ನೋಡಿ ಇನ್ನೊಮ್ಮೆ ಆಕಳಿಸಿದರು. ನಕ್ಷೆ ಬಿಚ್ಚಿದ ಕೂಡಲೇ ಅವರ ಕಣ್ಣು ಕೆಂಪು ಗುರುತಿನ ಮೇಲೆ ನಿಂತಿತು. ನೆಟ್ಟಗೆ ಕೂತರು.

"ಇದು ನೋಡಿ ಯೋಜನೆ ಅಂದ್ರೆ! ಕಷ್ಟ ಬರೋಕೆ ಮುಂಚೆನೇ ಕಂಡುಹಿಡಿದಿದ್ದಾರೆ. ಯಾರು ಬರೆದದ್ದು ಇದನ್ನ?"

ನಮ್ಮ ಸಾಹೇಬರು ನನ್ನತ್ತ ಕೈ ತೋರಿಸಿದರು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ — ಶಾಲೆಯಲ್ಲಿ ಮಾಸ್ತರರೂ ಇಲ್ಲ, ಮನೆಯಲ್ಲಿ ಅಪ್ಪನೂ ಇಲ್ಲ. ಮೈ ಬೆಚ್ಚಗಾಯಿತು.

ಆಗ ಬಾಗಿಲ ಹತ್ತಿರ ನಿಂತಿದ್ದ ಸಾಬಣ್ಣ ಒಂದು ಹೆಜ್ಜೆ ಮುಂದೆ ಬಂದರು.

"ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ಅಲ್ಲಿ ಬಂಡಿ ಇಲ್ರಿ."

"ಬಂಡಿ ಇಲ್ಲದಿದ್ರೆ ಬೇಡಪ್ಪ, ಜೀಪಿದೆ. ಜೀಪಲ್ಲೇ ಹೋಗೋಣ."

"ಆ ಬಂಡಿ ಅಲ್ರಿ, ಕಲ್ಲಬಂಡಿ!"

"ಕಲ್ಲು ಹೊರುವ ಬಂಡಿಯೇ? ಅದು ಯಾಕೆ ಈಗ?"

ಕೊನೆಗೆ ನಮ್ಮ ಸಾಹೇಬರು, ನಮ್ಮ ಕಡೆ ಬಂಡೆಯೂ ಬಂಡಿಯೇ, ಎತ್ತು ಎಳೆಯುವುದೂ ಬಂಡಿಯೇ ಎಂದು ಬಿಡಿಸಿ ಹೇಳಬೇಕಾಯಿತು. ಎಲ್ಲರೂ ನಕ್ಕರು. ಸಾಬಣ್ಣ ನಗಲಿಲ್ಲ. "ಮೂರು ತೆಗ್ಗು ನಾನ ನಿಂತು ತೋಡಿಸೇನ್ರಿ. ಬರೇ ಎರಿ ಮಣ್ಣು ಅದ. ಚೀಟಿ ಬರದು ಕೊಟ್ಟೇನಿ," ಎಂದರು.

ದೊಡ್ಡ ಸಾಹೇಬರು ನನ್ನ ಕಡೆ ತಿರುಗಿದರು. "ಏನಪ್ಪಾ, ಬಂಡೆ ಇದೆಯೋ ಇಲ್ಲವೋ?"

ರಂಜಕ ಸರ್ — ಎಂದರೆ ಸಾಕಿತ್ತು. ಎಲ್ಲರೂ ಇನ್ನೊಮ್ಮೆ ನಗುತ್ತಿದ್ದರು, ನಮ್ಮ ಸಾಹೇಬರು ನಾಲ್ಕು ದಿನ ಬೈಯುತ್ತಿದ್ದರು, ಮುಗಿಯುತ್ತಿತ್ತು. ನಾನು ಸಾಬಣ್ಣನವರ ಮುಖ ನೋಡದೆ ಹೇಳಿದೆ:

"ಅದರಿ, ಸರ್."

ಇದೆ ಎಂದೆ. ಅಷ್ಟೇ.

ದೊಡ್ಡ ಸಾಹೇಬರು ಸಾಬಣ್ಣನವರನ್ನು ಕೇಳಿದರು: "ತೆಗ್ಗು ನಿಜವಾಗಲೂ ತೋಡಿಸಿದೆಯೋ, ಮನೆಯಲ್ಲಿ ಕೂತು ಬರೆದೆಯೋ?"

ಸಾಬಣ್ಣ ತಮ್ಮ ಅಂಗೈಗಳನ್ನೇ ಒಮ್ಮೆ ನೋಡಿಕೊಂಡರು.

ಬಳಸಿ ಹೋಗುವ ಮುಂಚೆ ಬಂಡೆ ಒಡೆದು ನೋಡೋಣ ಎಂದು ಮುಂದಿನ ತಿಂಗಳು ಕೊರೆಯುವ ಯಂತ್ರ ಬಂತು, ಸಿಡಿಮದ್ದಿನವರು ಬಂದರು. ದಿನಾ ಬೆಳಿಗ್ಗೆ ಡಬ್ಬಿ ಬಡಿದು, ಕೆಂಪು ನಿಶಾನೆ ಹಿಡಿದು, ಹೊಲದಲ್ಲಿದ್ದವರನ್ನೆಲ್ಲ ಅರ್ಧ ಮೈಲು ಓಡಿಸುತ್ತಿದ್ದರು. ಆಮೇಲೆ ಸಿಡಿಸಲು ಏನೂ ಇಲ್ಲದೆ ವಾಪಸ್ ಕರೆಯುತ್ತಿದ್ದರು. ಕೊರೆಯುವ ಸಲಾಕೆ ಎರೆ ಮಣ್ಣಿನಲ್ಲಿ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಒಂದು ಅಕಾಲದ ಮಳೆ ಬಿತ್ತು — ಕೋಷ್ಟಕದ ಮೊದಲ ಸಾಲು! — ಯಂತ್ರವೇ ಕೆಸರಿನಲ್ಲಿ ಹೂತುಹೋಯಿತು. ಎಂಟು ಜೋಡಿ ಎತ್ತು ಕಟ್ಟಿ ಎಳೆದು ತೆಗೆದರು. ಯಂತ್ರದ ಮೇಸ್ತ್ರಿ ಕೊನೆಗೆ ವರದಿ ಬರೆದ: 'ಬಂಡೆ ಇನ್ನೂ ಆಳದಲ್ಲಿರುವ ಸಂಭವ.'

"ನಿಮಗ ಬಂಡಿ ಕಂಡಿತೇನ್ರಿ?" ಎಂದು ನಾನು ಗುಟ್ಟಾಗಿ ಕೇಳಿದೆ.

"ಎಲ್ಲಿ ಕಾಣ್ತದ? ಆದ್ರ ಪ್ಲಾನಿನಾಗ ಅದ ಅಂದಮ್ಯಾಲ, ಇಲ್ಲ ಅಂತ ಬರಿಯಾಕ ನಾ ಯಾಂವ?"

ನನ್ನ ಸುಳ್ಳಿಗೆ ಹೀಗೆ ಒಬ್ಬ ಸಾಕ್ಷಿಯೂ ಸಿಕ್ಕಿದ. ಇನ್ನೇನು, ಯೋಜನೆಯಲ್ಲಿ ಪರಿಹಾರವೂ ಇತ್ತಲ್ಲ — ಬಳಸಿ ಹೋಗುವುದು. ಕಾಲುವೆ ಮುನ್ನೂರು ಹೆಜ್ಜೆ ಬಳಸಿ ಹೋಯಿತು. ತಪ್ಪು ವರದಿ ಕೊಟ್ಟದ್ದಕ್ಕೆ ಸಾಬಣ್ಣನವರಿಗೆ ಮೆಮೊ ಬಂತು. ಕಾಲುವೆಯಿಂದ ಕಿತ್ತು ಶಹಾಪುರದ ಉಗ್ರಾಣಕ್ಕೆ ಹಾಕಿದರು. ಮಣ್ಣು ಮೂಸುತ್ತಿದ್ದವರು ಸಲಿಕೆ, ಬುಟ್ಟಿ ಎಣಿಸುವ ಕೆಲಸಕ್ಕೆ ಹೋದರು.

ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತರು. "ಮಾನಪ್ಪಾರ, ನನ್ನ ಚೀಟಿ ನೀವು ಓದಿದ್ರೆಲ್ಲಾ?"

"ಎಲ್ಲೋ ಕಾಗದದಾಗ ಸೇರ್ಯಾದ ನೋಡ್ರಿ. ಹುಡುಕ್ತೀನಿ," ಎಂದೆ.

ಸಭೆಯಲ್ಲಿ ಹೇಳಿದ್ದಾದರೂ ಹೆದರಿಕೆಯ ಸುಳ್ಳು. ಇದು — ಇದಕ್ಕೆ ಏನು ಹೆಸರಿಡಲಿ? ಚೀಟಿಯನ್ನು ನಾನು ಅದಾಗಲೇ ಒಲೆಗೆ ಹಾಕಿದ್ದೆ.

ನನ್ನ ನೌಕರಿ ಕಾಯಂ ಆಯಿತು. ನನ್ನ ಯೋಜನೆ 'ಮಾದರಿ' ಎಂಬ ಶಿರೋನಾಮೆ ಹೊತ್ತು ಸುತ್ತಲಿನ ಕಚೇರಿಗಳಿಗೆಲ್ಲ ಹೋಯಿತು. ಎರಡು ವರ್ಷದ ನಂತರ ಬೇರೊಂದು ಕಚೇರಿಗೆ ಹೋಗಿದ್ದಾಗ ಗೋಡೆಯ ಮೇಲೆ ಅವರ ಕಾಲುವೆಯ ನಕ್ಷೆ ನೇತುಹಾಕಿದ್ದು ಕಂಡಿತು. ಬೇರೆ ಕಾಲುವೆ, ಬೇರೆ ಊರು. ಆದರೆ ನಡುವೆ ಅದೇ ಜಾಗದಲ್ಲಿ ಅದೇ ಬದನೆಕಾಯಿ ಆಕಾರದ ಕೆಂಪು ಗುರುತು, ಸುತ್ತ ಓರೆಗೆರೆ! ಇದೇನು ಎಂದು ಅಲ್ಲಿಯ ಟ್ರೇಸರನನ್ನು ಕೇಳಿದೆ. "ಗೊತ್ತಿಲ್ರಿ. ಮಾದರಿಯೊಳಗ ಇತ್ತು, ಹಾಕೀವಿ," ಎಂದ. ನನ್ನ ಹೆಂಡತಿ ಅರೆದ ರಂಜಕ ಇನ್ನೂ ಎಷ್ಟು ಊರುಗಳ ನೆಲದಡಿ ಬಂಡೆಯಾಗಿ ಕೂತಿದೆಯೋ! ಬಸ್ ನಿಲ್ದಾಣದವರೆಗೂ ಒಬ್ಬನೇ ನಗುತ್ತಾ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ನಗು ನಿಂತಿತು. ಇದನ್ನು ಹೇಳಿಕೊಂಡು ನಗಲು ನನಗೆ ಯಾರೂ ಇರಲಿಲ್ಲ — ಹೇಳಿದರೆ ಸಾಬಣ್ಣನವರ ಹೆಸರೂ ಬರುತ್ತಿತ್ತು.

ನಿವೃತ್ತನಾದೆ. ವರ್ಷಗಳು ಹೋದವು. ಹೋದ ಬೇಸಿಗೆಯಲ್ಲಿ ಹೆಂಡತಿಗೆ ಮೊದಲ ಸಲ ಇದನ್ನೆಲ್ಲ ಹೇಳಿದೆ. ಆಕೆ ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು, ಆಮೇಲೆ ಕೇಳಿದಳು: "ಆ ಹಿರಿಯಾರು ಇನ್ನಾ ಅದಾರೇನ್ರಿ?"

ಇದ್ದರು. ರಂಗಂಪೇಟೆಯಲ್ಲಿ. ಒಂದು ಬೆಳಿಗ್ಗೆ ಹೋದೆ. ಎಂಬತ್ತು ದಾಟಿದ ಸಾಬಣ್ಣ ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಗುರುತು ಹಿಡಿದರು, ಖುಷಿಯಾದರು, ಹೆಂಡತಿ ಭೀಮವ್ವನನ್ನು ಕರೆದು ಚಹಾ ಮಾಡಲು ಹೇಳಿದರು. ಚಹಾ ಬರುವ ಮುಂಚೆಯೇ ನಾನು ಎಲ್ಲವನ್ನೂ ಹೇಳಿಬಿಟ್ಟೆ — ರೊಟ್ಟಿ, ರಂಜಕ, ಕೆಂಪು ಪೆನ್ಸಿಲ್, ಚೀಟಿ, ಒಲೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಒಳ್ಳೆಯದು ಎಂದೂ ಅಂದುಕೊಂಡಿದ್ದೆ.

ಸಾಬಣ್ಣ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟರು.

"ಹಂಗಾರ ಅಲ್ಲಿ ಬಂಡಿ ಇರಲೇ ಇಲ್ಲ?" ಎಂದರು.

"ಇರಲಿಲ್ರಿ. ನೀವು ಚೀಟಿಯಾಗ ಬರದದ್ದ ಖರೇ."

"ನಾ ಏನ್ ತಿಳ್ಕೊಂಡಿದ್ದೆ ಗೊತ್ತೇನ್ರಿ? ಇನ್ನೊಂದು ಆಳುದ್ದ ತೋಡಿಸಿದ್ರ ಬಂಡಿ ಸಿಗತಿತ್ತು, ನಾನ ಬ್ಯಾಸತ್ತು ಬಿಟ್ಟೆ, ತಪ್ಪು ನಂದ ಅಂತ ತಿಳ್ಕೊಂಡಿದ್ದೆ. ಇಷ್ಟು ವರ್ಷಾನೂ."

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಭೀಮವ್ವ ಹೇಳಿದರು: "ಈ ಮನಿ ಕಟ್ಟುವಾಗ ಪಾಯಾ ಮೂರು ಸಲ ತೋಡ್ಸ್ಯಾರ್ರಿ. ಗೌಂಡಿ ಸಾಕು ಅಂದ್ರ, ನನ್ನ ಕೈ ನಂಬಬ್ಯಾಡ್ರಿ, ನನಗ ಮಣ್ಣು ತಿಳಿಯಂಗಿಲ್ಲ ಅಂತಿದ್ರು. ಮಣ್ಣು ತಿಳಿಯಂಗಿಲ್ಲ ಅಂತ — ಇವರು!"

 

ಸಾಬಣ್ಣ ಎದ್ದು ಗೂಟದ ಮೇಲಿನ ಅಂಗಿ ತೊಟ್ಟರು, ಗುಂಡಿ ಹಾಕಿಕೊಂಡರು. "ನಡೀರಿ," ಎಂದರು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಓಣಿಯ ತುದಿಯ ಚಹಾದ ಹೊಟೇಲಿಗೆ ಕರೆದುಕೊಂಡು ಹೋದರು. ಅವರ ವಾರಿಗೆಯವರು ನಾಲ್ಕಾರು ಜನ ಕೂತಿದ್ದರು. ಒಬ್ಬ, "ಬರ್ರಿ ಬಂಡಿ ಸಾಬಣ್ಣಾರ," ಎಂದ. ಆ ಅಡ್ಡಹೆಸರು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

"ಈಗ ಹೇಳ್ರಿ," ಎಂದರು ಸಾಬಣ್ಣ. "ನನಗ ಹೇಳಿದ್ದನ್ನ ಇವರಿಗೆ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ಎದ್ದು ನಿಂತು ಹೇಳಿದೆ, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗನ ಹಾಗೆ, ಕೈ ಕಟ್ಟಿಕೊಂಡು. ರಂಜಕ ಎಂದ ಕೂಡಲೇ ನಗಲು ಶುರುಮಾಡಿದರು. ಎತ್ತು ಕಟ್ಟಿ ಯಂತ್ರ ಎಳೆದದ್ದಕ್ಕೆ ಬೆಂಚು ಬಡಿದು ನಕ್ಕರು. ಚೀಟಿಯನ್ನು ಒಲೆಗೆ ಹಾಕಿದೆ ಎಂದಾಗ ಯಾರೂ ನಗಲಿಲ್ಲ. ಸಾಬಣ್ಣ ನನ್ನನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಮುಗಿದ ಮೇಲೆ ನನ್ನನ್ನು ಅಲ್ಲೇ ಬಿಟ್ಟು, ಮನೆಯ ಕಡೆ ನಡೆದರು. ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಲೂ ಇಲ್ಲ.

ಅಂದು ಆ ಹೊಟೇಲಿನಲ್ಲಿ ಇದ್ದವರು ಏಳೇ ಜನ. ಸಾಬಣ್ಣನವರಿಗೆ ಮಣ್ಣು ತಿಳಿಯುವುದಿಲ್ಲ ಎಂದು ನಂಬಿದವರು ಅದಕ್ಕಿಂತ ಬಹಳ. ಅದಕ್ಕೇ ಇದನ್ನು ಬರೆದಿದ್ದೇನೆ.